ಕಟ್ಟಿದ ಕೈಯ ಕಾಯಕ

ಶರಣಧರ್ಮದಲ್ಲಿ ಕಾಯಕಕ್ಕಿರುವ ಸ್ಥಾನವನ್ನು ಈ ಪತ್ರಿಕೆಯ ವಾಚಕರಿಗೆ ಹೊಸದಾಗಿ ವಿವರಿಸಬೇಕಾದ ಅಗತ್ಯವಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನೆರೆದ ಶರಣಸಮೂಹವು ದುಡಿಮೆಯನ್ನು ಹೊಟ್ಟೆಪಾಡಿನ ಮಟ್ಟದಿಂದ ಎತ್ತಿ ಸಾಧನೆಯ ಪೀಠದ ಮೇಲೆ ಕುಳ್ಳಿರಿಸಿತು. ಬಟ್ಟೆ ಒಗೆಯುವ ಮಾಚಯ್ಯನವರಿಗೂ ದೋಣಿ ನಡೆಸುವ ಚೌಡಯ್ಯನವರಿಗೂ ಬುಟ್ಟಿ ಹೆಣೆಯುವ ಕೇತಯ್ಯನವರಿಗೂ ತಮ್ಮ ತಮ್ಮ ಕಸುಬೇ ಶಿವಪಥವಾಯಿತು. ಇದು ನಿರ್ವಿವಾದ. ಆದರೆ ಕಾಯಕವನ್ನು ಕುರಿತು ಬರೆಯುವಾಗಲೂ ಉಪನ್ಯಾಸ ಮಾಡುವಾಗಲೂ ನಾವು ಒಂದು ಸಂಗತಿಯನ್ನು ಅರಿವಿಲ್ಲದೆಯೇ ಒಪ್ಪಿಕೊಂಡುಬಿಟ್ಟಿರುತ್ತೇವೆ. ದುಡಿಯಬಲ್ಲ ಕಾಯವೊಂದು ಇದ್ದೇ ಇದೆ ಎಂಬುದೇ ಆ ಸಂಗತಿ. ಕಾಯಕವೆಂಬ ಪದದ ಒಡಲಿನಲ್ಲಿಯೇ ಕಾಯವಿದೆ. ಆ ಕಾಯವು ಕೆಲವು ತಿಂಗಳ ಕಾಲ ದುಡಿಯಕೂಡದೆಂದು ವೈದ್ಯರು ವಿಧಿಸಿದಾಗ ಕಾಯಕನಿಷ್ಠನಾದವನು ಏನು ಮಾಡಬೇಕು? ಸುಮ್ಮನಿರುವುದು ವ್ರತಭಂಗವೇ? ಅನಿವಾರ್ಯವಾದ ಲೋಪವೇ? ಅಥವಾ ಅದೂ ಒಂದು ಬಗೆಯ ಕಾಯಕವೇ?

ಇದು ತರ್ಕದ ಸೊಗಸಿಗಾಗಿ ಎತ್ತಿದ ಪ್ರಶ್ನೆಯಲ್ಲ. ವಿಜಯನಗರದಲ್ಲಿ ದಿನಸಿ ಅಂಗಡಿಯನ್ನು ಇಟ್ಟುಕೊಂಡಿರುವ ಹಿರಿಯರೊಬ್ಬರು ಮೂವತ್ತು ವರ್ಷಗಳಿಂದ ಅಕ್ಕಿಮೂಟೆಗಳನ್ನು ಅಟ್ಟದ ಮೇಲಕ್ಕೆ ಏರಿಸಿ ಇಳಿಸಿದವರು. ಎಡಭುಜದೊಳಗಿನ ನಾರು ಹರಿದಿದೆಯೆಂದು ತಿಳಿದ ಮೇಲೆ ಅವರಿಗೆ ಆರ್ಥ್ರೋಸ್ಕೋಪಿ ಎಂಬ ವಿಧಾನದಿಂದ ಶಸ್ತ್ರಚಿಕಿತ್ಸೆಯಾಯಿತು. ಅನಂತರ ಮಠಕ್ಕೆ ಬಂದವರು ಸ್ವಾಮಿಗಳ ಮುಂದೆ ಹೇಳಿಕೊಂಡ ಮಾತು ಹೀಗಿತ್ತು: “ಬುದ್ಧಿ, ಅಂಗಡೀನ ಮಗ ನೋಡ್ಕೋತಾನೆ, ಅದರ ಚಿಂತೆ ಇಲ್ಲ. ಆದರೆ ಲಿಂಗ ಹಿಡಿಯೋ ಕೈಯನ್ನೇ ಕಟ್ಟಿಬಿಟ್ಟಿದ್ದಾರಲ್ಲ, ಆರು ವಾರ ಎತ್ತಬಾರದಂತೆ. ಕಾಯಕವೂ ಇಲ್ಲ, ಪೂಜೆಯೂ ನೆಟ್ಟಗಿಲ್ಲ. ಸುಮ್ಮನೆ ಕೂತು ಉಣ್ಣೋದು ನನಗೆ ಪಾಪ ಅನ್ನಿಸ್ತದೆ.” ಈ ಮಾತನ್ನು ಭಾವುಕತೆಯೆಂದು ತಳ್ಳಿಹಾಕುವಂತಿಲ್ಲ. ರಾಜಾಜಿನಗರದಿಂದ ಕೆಂಗೇರಿಯವರೆಗಿನ ಬಡಾವಣೆಗಳಲ್ಲಿ, ಅಣ್ಣನವರ ಹೆಸರನ್ನೇ ಹೊತ್ತಿರುವ ಬಸವೇಶ್ವರನಗರದಲ್ಲಿ, ಇಂದು ಇದೇ ಚಿಕಿತ್ಸೆ ಪಡೆದು ಕೊರಳಿಗೆ ಕೈಯನ್ನು ತೂಗುಹಾಕಿಕೊಂಡು ಓಡಾಡುವವರು ಅಪರೂಪವೇನಲ್ಲ. ಅವರಲ್ಲಿ ಎಷ್ಟೋ ಮಂದಿಗೆ ನೋವಿಗಿಂತಲೂ ಹೆಚ್ಚಿನ ಯಾತನೆಯೆಂದರೆ ನಿರುಪಯೋಗಿಯಾದೆನೆಂಬ ಭಾವನೆ.

ಪ್ರಶ್ನೆಯನ್ನು ಬಿಡಿಸುವುದಕ್ಕೆ ಮೊದಲು ಭುಜದ ಸ್ವಭಾವವನ್ನು ಅರಿಯಬೇಕು. ತೊಡೆಯ ಮೂಳೆಯ ಗುಂಡು ಸೊಂಟದ ಕುಳಿಯಲ್ಲಿ ಒರಳಿನಲ್ಲಿ ಗುಂಡುಕಲ್ಲು ಕುಳಿತಂತೆ ಆಳವಾಗಿ ಕುಳಿತಿರುತ್ತದೆ. ಭುಜದ ಕೀಲು ಹಾಗಲ್ಲ. ಮಕ್ಕಳು ಚಮಚದ ಮೇಲೆ ನಿಂಬೆಹಣ್ಣನ್ನಿಟ್ಟುಕೊಂಡು ಓಡುವ ಆಟವಿದೆಯಲ್ಲ, ಹೆಚ್ಚು ಕಡಿಮೆ ಅದೇ ಸ್ಥಿತಿ. ಕುಳಿ ಚಿಕ್ಕದು, ಗುಂಡು ದೊಡ್ಡದು. ಆದುದರಿಂದಲೇ ಕೈಯನ್ನು ಎಲ್ಲ ದಿಕ್ಕಿಗೂ ಹೊರಳಿಸಲು ಸಾಧ್ಯ. ದೇಹದ ಕೀಲುಗಳಲ್ಲಿ ಇಷ್ಟು ಸ್ವಾತಂತ್ರ್ಯ ಬೇರಾವುದಕ್ಕೂ ಇಲ್ಲ. ಈ ಸ್ವಾತಂತ್ರ್ಯಕ್ಕೆ ತೆತ್ತ ಬೆಲೆಯೇ ಅಭದ್ರತೆ. ನಿಂಬೆಹಣ್ಣು ಜಾರದಂತೆ ನಾಲ್ಕು ಸ್ನಾಯುಗಳ ರಜ್ಜುಗಳು ತೋಳ್ಮೂಳೆಯ ತಲೆಯನ್ನು ಸುತ್ತುವರಿದು ಹಿಡಿದಿವೆ. ವೈದ್ಯರು ಇವುಗಳನ್ನು ಒಟ್ಟಾಗಿ ರೊಟೇಟರ್ ಕಫ್ ಎನ್ನುತ್ತಾರೆ. ವಯಸ್ಸಾದಂತೆ ಇವು ಸವೆಯುತ್ತವೆ. ಭಾರ ಎತ್ತಿದಾಗಲೋ ಜಾರಿ ಬಿದ್ದಾಗಲೋ ಹರಿಯುತ್ತವೆ. ಅರವತ್ತು ದಾಟಿದ ಹಲವರಲ್ಲಿ ಇಂತಹ ಹರಿತವಿದ್ದರೂ ಅವರಿಗೆ ಅದರ ಅರಿವೇ ಇರುವುದಿಲ್ಲ. ಹರಿದುದೆಲ್ಲವನ್ನೂ ಹೊಲಿಯಲೇಬೇಕೆಂಬ ನಿಯಮವೂ ಇಲ್ಲ. ತಾನಾಗಿ ಸವೆದು ಆದ ಸಣ್ಣ ಹರಿತಗಳು ಅನೇಕ ವೇಳೆ ಕ್ರಮಬದ್ಧವಾದ ವ್ಯಾಯಾಮದಿಂದಲೇ ಹದಕ್ಕೆ ಬರುತ್ತವೆ.

ಹೊಲಿಯಬೇಕಾಗಿ ಬಂದಾಗ ಈಗ ಭುಜವನ್ನು ಅಗಲವಾಗಿ ಸೀಳುವುದು ಕಡಿಮೆ. ಜೋಳದ ಕಾಳಿನಷ್ಟು ಅಗಲದ ಎರಡು ಮೂರು ರಂಧ್ರಗಳನ್ನು ಮಾಡಿ, ಒಂದರಿಂದ ಬೆಳಕೂ ಕ್ಯಾಮೆರಾವೂ ಉಳ್ಳ ಕೊಳವೆಯನ್ನು ಒಳಗೆ ತೂರಿಸುತ್ತಾರೆ; ಉಪ್ಪುನೀರಿನ ದ್ರಾವಣವನ್ನು ಹರಿಯಿಸಿ ಕೀಲನ್ನು ಹಿಗ್ಗಿಸುತ್ತಾರೆ; ಇನ್ನೊಂದು ರಂಧ್ರದಿಂದ ಉಪಕರಣಗಳನ್ನು ಇಳಿಸಿ, ದಾರ ಪೋಣಿಸಿದ ಪುಟ್ಟ ಮೊಳೆಗಳನ್ನು ಮೂಳೆಯಲ್ಲಿ ನೆಟ್ಟು, ಹರಿದ ರಜ್ಜುವನ್ನು ಎಳೆದು ಕಟ್ಟುತ್ತಾರೆ. ಕೀಲಿನೊಳಗೆ ಹೀಗೆ ಇಣುಕಿ ನೋಡುವ ಪ್ರಯತ್ನ ಶತಮಾನಕ್ಕೂ ಹಿಂದಿನದು. 1918ರಲ್ಲಿ ಟೋಕಿಯೋದ ಕೆಂಜಿ ತಕಾಗಿ ಎಂಬ ವೈದ್ಯರು ಮೂತ್ರಕೋಶವನ್ನು ನೋಡುವ ಕೊಳವೆಯಿಂದ ಮೊಣಕಾಲಿನ ಕೀಲನ್ನು ನೋಡಿದರು. ಅವರ ಶಿಷ್ಯಪರಂಪರೆಯ ಮಸಾಕಿ ವತನಾಬೆ 1950ರ ದಶಕದ ಕೊನೆಯ ಹೊತ್ತಿಗೆ ಬಳಕೆಗೆ ಯೋಗ್ಯವಾದ ಉಪಕರಣವನ್ನು ರೂಪಿಸಿದರು. ಭುಜದ ಚಿಕಿತ್ಸೆಗೆ ಅದು ವ್ಯಾಪಕವಾಗಿ ಒದಗಿದ್ದು 1980ರ ದಶಕದಿಂದ ಈಚೆಗೆ.

ಗಾಯ ಚಿಕ್ಕದಾದುದು ದೊಡ್ಡ ಉಪಕಾರವೇ ಸರಿ. ರಕ್ತನಷ್ಟ ಅಲ್ಪ, ಒಂದೆರಡು ದಿನಗಳಲ್ಲಿ ಮನೆಗೆ ಬರಬಹುದು. ಆದರೆ ಈ ಚಿಕ್ಕ ಗಾಯವೇ ಒಂದು ಭ್ರಮೆಗೂ ಕಾರಣವಾಗಿದೆ. ಹದಿನೈದು ದಿನಗಳೊಳಗೆ ಚರ್ಮದ ಮೇಲಿನ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ನೋಡಲು ಬಂದ ನೆಂಟರು, “ಇಷ್ಟೇನಾ? ಇದಕ್ಕೆ ಮೂರು ತಿಂಗಳಾ?” ಎಂದು ಹುಬ್ಬೇರಿಸುತ್ತಾರೆ. ಒಳಗೆ ನಡೆಯುತ್ತಿರುವ ಕೆಲಸದ ಕಾಲಮಾನವೇ ಬೇರೆ. ಆರಂಭದಲ್ಲಿ ರಜ್ಜುವನ್ನು ಮೂಳೆಗೆ ಹಿಡಿದಿಟ್ಟಿರುವುದು ಕೇವಲ ದಾರ. ಆ ದಾರದ ಆಸರೆಯಲ್ಲಿ ರಜ್ಜುವು ತಾನಾಗಿ ಮೂಳೆಗೆ ಬೆಸೆದುಕೊಳ್ಳಲು ಸುಮಾರು ಹನ್ನೆರಡು ವಾರಗಳಾದರೂ ಬೇಕು. ಭಾರದ ಕೆಲಸಕ್ಕೆ ನಾಲ್ಕರಿಂದ ಆರು ತಿಂಗಳು. ಪೂರ್ಣ ಬಲಕ್ಕೆ ಕೆಲವೊಮ್ಮೆ ಒಂದು ವರ್ಷ. ಮಧುಮೇಹವಿದ್ದವರಿಗೆ, ಧೂಮಪಾನ ಮಾಡುವವರಿಗೆ ಇನ್ನೂ ತಡ. ಬೆಸೆದುಕೊಂಡ ಮೇಲೂ ಆ ಕೂಡುಜಾಗವು ಹುಟ್ಟಿನಿಂದ ಬಂದ ರಚನೆಯನ್ನು ಸಂಪೂರ್ಣವಾಗಿ ಹೋಲುವುದಿಲ್ಲ.

ಇಲ್ಲಿಯೇ ನಮ್ಮ ಪ್ರಶ್ನೆಯ ತಿರುಳು ಅಡಗಿದೆ. ನೋವು ಬಹುಮಟ್ಟಿಗೆ ಆರೆಂಟು ವಾರಗಳಲ್ಲಿ ತಗ್ಗುತ್ತದೆ. ಬೆಸುಗೆ ಇನ್ನೂ ಹಸಿಯಾಗಿರುವಾಗಲೇ ಕೈ ಹಗುರವಾಗುತ್ತದೆ. ನೋವಿದ್ದಷ್ಟು ದಿನ ಮನುಷ್ಯನಿಗೆ ಸಂಯಮವನ್ನು ಬೋಧಿಸಬೇಕಾಗಿಲ್ಲ. ನೋವೇ ಗುರು, ನೋವೇ ಕಾವಲುಗಾರ. ಕಾವಲುಗಾರ ಎದ್ದುಹೋದ ಮೇಲಿನ ಒಂದೂವರೆ ತಿಂಗಳಿದೆಯಲ್ಲ, ನಿಜವಾದ ಪರೀಕ್ಷೆ ಆಗ. ಕಟ್ಟಿದ್ದು ಮತ್ತೆ ಕಿತ್ತುಬರುವುದು ಹೆಚ್ಚಾಗಿ ಮೊದಲ ಕೆಲವು ತಿಂಗಳುಗಳಲ್ಲಿಯೇ. ಆಗ ಕೈಯನ್ನು ತಡೆದು ನಿಲ್ಲಿಸುವುದು ವೇದನೆಯಲ್ಲ, ಹೊರಗಿನವರ ಆಣತಿಯೂ ಅಲ್ಲ, ಕೇವಲ ತಿಳಿವಳಿಕೆ. ತಿಳಿವಳಿಕೆಯೊಂದರ ಬಲದಿಂದಲೇ ಇಂದ್ರಿಯವನ್ನು ಹಿಡಿದಿಡುವುದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ನೇಮ.

ಆದರೆ ಶರಣರ ಕಥೆಗಳು ಇದಕ್ಕೆ ವಿರುದ್ಧವಾಗಿಯೇ ಮಾತನಾಡುತ್ತವೆಯಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ನುಲಿಯ ಚಂದಯ್ಯನವರ ಪ್ರಸಂಗ ಪ್ರಸಿದ್ಧವಾದುದು. ಹಗ್ಗ ಹೊಸೆಯಲೆಂದು ಹುಲ್ಲು ಕೊಯ್ಯುತ್ತಿದ್ದಾಗ ಕೊರಳಿನ ಇಷ್ಟಲಿಂಗವು ಜಾರಿಬಿದ್ದರೂ ಅವರು ಕೆಲಸ ನಿಲ್ಲಿಸಲಿಲ್ಲ. ಕಡೆಗೆ ಲಿಂಗವೇ ಅವರ ಬೆನ್ನು ಹತ್ತಿ ಬಂದು ಹಗ್ಗ ಮಾರುವ ಕಾಯಕಕ್ಕೆ ನಿಲ್ಲಬೇಕಾಯಿತು. ಆಯ್ದಕ್ಕಿ ಮಾರಯ್ಯನವರಂತೂ ಕಾಯಕದಲ್ಲಿ ನಿರತನಾದವನಿಗೆ ಗುರುದರ್ಶನ ಲಿಂಗಪೂಜೆಗಳೂ ಅಡ್ಡಿಯಾಗಕೂಡದೆಂಬ ನಿಲುವಿನವರು. ಲಿಂಗ ಬಿದ್ದರೂ ನಿಲ್ಲದ ಕಾಯಕವನ್ನು ಒಂದು ದಾರದ ಹೊಲಿಗೆಗಾಗಿ ನಿಲ್ಲಿಸುವುದೇ?

ಈ ಆಕ್ಷೇಪವು ಕೇಳಲು ವೀರಾವೇಶದಿಂದ ಕೂಡಿದೆ, ಪರಿಶೀಲಿಸಿದರೆ ನಿಲ್ಲುವುದಿಲ್ಲ. ಚಂದಯ್ಯನವರು ಹಗ್ಗ ಮಾರಿದ್ದು ಜಂಗಮ ದಾಸೋಹಕ್ಕಾಗಿ. ದುಡಿಮೆಗೊಂದು ಗುರಿಯಿತ್ತು, ದುಡಿಮೆಯೇ ಗುರಿಯಾಗಿರಲಿಲ್ಲ. ಮೂರು ತಿಂಗಳ ತಾಳ್ಮೆಯನ್ನು ಕಳೆದುಕೊಂಡು ಮುಂದಿನ ಇಪ್ಪತ್ತು ವರ್ಷಗಳ ಕೈಯನ್ನೇ ಕಳೆದುಕೊಂಡವನು ಯಾವ ದಾಸೋಹವನ್ನು ನಡೆಸಿಯಾನು? ಮಾರಯ್ಯನವರ ಕಥೆಯ ಉಳಿದರ್ಧವನ್ನು ನಾವು ಮರೆಯುವುದು ಇನ್ನೂ ಸೋಜಿಗ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದರು. ಲಕ್ಕಮ್ಮ ತಾಯಿ ಅದನ್ನು ಒಲೆಯ ಬಳಿಗೂ ಬಿಟ್ಟುಕೊಳ್ಳದೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಿರುಗಿಸಿದರು. ಮಾಡಿದ್ದು ಕಾಯಕವೇ, ತಂದದ್ದು ಕದ್ದ ಅಕ್ಕಿಯಲ್ಲ. ಅಳತೆ ಮೀರಿತು, ಅಷ್ಟೇ ದೋಷ. ಫಿಸಿಯೋಥೆರಪಿಸ್ಟರು ದಿನಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ಹತ್ತು ಬಾರಿ ಎಂದು ಹೇಳಿದ ವ್ಯಾಯಾಮವನ್ನು ಬೇಗ ಗುಣವಾಗಲೆಂದು ಐವತ್ತು ಬಾರಿ ಮಾಡುವ ಉತ್ಸಾಹಿಗಳಿದ್ದಾರೆ. ಅವರ ಮನೆಗಳಲ್ಲಿ ಒಬ್ಬೊಬ್ಬ ಲಕ್ಕಮ್ಮನಿದ್ದರೆ ಒಳ್ಳೆಯದು.

ಅಳತೆ ಎಂದೊಡನೆ ಕಡಿಮೆ ಮಾಡುವುದೇ ಕ್ಷೇಮವೆಂದು ಭಾವಿಸುವುದೂ ತಪ್ಪು. ಕೈಯನ್ನು ಒಂದಿಷ್ಟೂ ಕದಲಿಸದೆ ಇಟ್ಟರೆ ಕೀಲು ಬಿಗಿದುಕೊಂಡು ಮರದ ಕೊರಡಾಗುತ್ತದೆ. ಬೇಗ ಕದಲಿಸಿದರೆ ಹೊಲಿಗೆ ಕೀಳುತ್ತದೆ. ಈ ಎರಡರ ನಡುವಿನ ದಾರಿ ಬಲು ಕಿರಿದು. ಮೊದಲ ವಾರಗಳಲ್ಲಿ ಕೈ ತಾನಾಗಿ ಏಳಕೂಡದು, ಬೇರೊಂದು ಕೈ ಅದನ್ನು ಎತ್ತಬೇಕು. ರೋಗಿಯ ಇನ್ನೊಂದು ಕೈಯಾಗಲಿ, ಉಪಚಾರ ಮಾಡುವವರ ಕೈಯಾಗಲಿ. ಕೇಳಲು ಸುಲಭವಾದ ಈ ಕ್ರಿಯೆ ಮಾಡುವಾಗ ಅತಿ ಕಠಿಣವೆನಿಸುತ್ತದೆ. ಹುಟ್ಟಿದಂದಿನಿಂದ ತಾನೇ ಏಳುವ ಅಭ್ಯಾಸವಿರುವ ತೋಳು, ಯಾರಾದರೂ ಎತ್ತತೊಡಗಿದ ಕೂಡಲೇ ತಾನೂ ಸಹಾಯ ಮಾಡಲು ಹವಣಿಸುತ್ತದೆ. “ನೀವೇನೂ ಮಾಡಬೇಡಿ, ಕೈ ಬಿಡಿ, ಇನ್ನೂ ಬಿಡಿ” ಎಂದು ಉಪಚಾರಕರು ಹೇಳುತ್ತಲೇ ಇರುತ್ತಾರೆ. ಕೈಬಿಡುವುದು ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ತೊರೆಯುವುದೆಂಬ ಅರ್ಥವೇ ರೂಢಿ. ಇಲ್ಲಿ ಅದಕ್ಕೆ ನೆಚ್ಚುವುದು ಎಂಬ ಅರ್ಥ ಬರುತ್ತದೆ. ನನ್ನಿಂದಲೇ ಎಲ್ಲವೂ ಆಗಬೇಕೆಂಬ ಅಹಂಭಾವವು ಮನಸ್ಸಿನಲ್ಲಿ ಮಾತ್ರವೇ ಮನೆಮಾಡಿರುತ್ತದೆಂದು ನಾವು ತಿಳಿದಿದ್ದೇವೆ. ಅದು ಮಾಂಸಖಂಡದಲ್ಲಿಯೂ ಬೇರೂರಿರುತ್ತದೆಂಬುದನ್ನು ಈ ಹತ್ತು ನಿಮಿಷಗಳ ಅಭ್ಯಾಸ ಮನಗಾಣಿಸುತ್ತದೆ.

ಈ ಅಭ್ಯಾಸಗಳಲ್ಲಿ ಮೊದಲನೆಯದು ಮುಂದಕ್ಕೆ ಬಾಗಿ, ಕೈಯನ್ನು ಇಳಿಬಿಟ್ಟು, ಗಡಿಯಾರದ ಲೋಲಕದಂತೆ ಮೆಲ್ಲಗೆ ತೂಗಿಸುವುದು. ಅದಕ್ಕೆ ಅಮೆರಿಕದ ಬಾಸ್ಟನ್ ನಗರದ ಅರ್ನೆಸ್ಟ್ ಅಮರಿ ಕಾಡ್‌ಮನ್ ಅವರ ಹೆಸರು ಅಂಟಿಕೊಂಡಿದೆ. ಭುಜದ ಹರಿದ ರಜ್ಜುವನ್ನು 1909ರಷ್ಟು ಹಿಂದೆಯೇ ಹೊಲಿದ ಅವರು 1934ರಲ್ಲಿ ಭುಜವನ್ನೇ ಕುರಿತು ದೊಡ್ಡ ಗ್ರಂಥವನ್ನು ಬರೆದರು. ಅವರ ಜೀವನವು ನೀತಿಚಿಂತನೆ ಮಾಡುವವರಿಗೆ ಗಮನಾರ್ಹವಾದುದು. ರೋಗಿಯು ಮನೆಗೆ ಹೋದ ದಿನ ಚಿಕಿತ್ಸೆ ಮುಗಿಯುವುದಿಲ್ಲ, ಒಂದು ವರ್ಷವಾದ ಮೇಲೆ ಅವನನ್ನು ಕರೆದು ಕೈ ಹೇಗಿದೆಯೆಂದು ನೋಡಬೇಕು, ಫಲ ಕಾಣದಿದ್ದರೆ ಕಾರಣವನ್ನು ಬಹಿರಂಗವಾಗಿ ಹೇಳಬೇಕು ಎಂಬುದು ಅವರ ಹಟ. ದೊಡ್ಡ ಆಸ್ಪತ್ರೆ ಒಪ್ಪಲಿಲ್ಲ. 1914ರಲ್ಲಿ ಅವರು ಅಲ್ಲಿಯ ಸ್ಥಾನವನ್ನು ಬಿಟ್ಟರು. ತಮ್ಮದೇ ಸಣ್ಣ ಆಸ್ಪತ್ರೆಯಿಂದ 1911ರಿಂದ 1916ರವರೆಗೆ ಮನೆಗೆ ಕಳುಹಿಸಿದ 337 ರೋಗಿಗಳ ವಿವರವನ್ನು ಅಚ್ಚುಹಾಕಿಸಿ, ಅದರಲ್ಲಿ 123 ತಪ್ಪುಗಳಾದುವೆಂದು ತಾವೇ ಎಣಿಸಿ ತೋರಿಸಿದರು. ಇಂತಹವರಿಗೆ ಆಪ್ತರು ಹೆಚ್ಚಿರುವುದಿಲ್ಲ. ಕಾಡ್‌ಮನ್ ಅವರಿಗೂ ಇರಲಿಲ್ಲ. ಆದರೆ ಅವರು ತೆರೆದ ದಾರಿಯಲ್ಲಿಯೇ ವೈದ್ಯಶಾಸ್ತ್ರ ಮುಂದೆ ನಡೆಯಿತು. ಬ್ರಿಟನ್ ಮತ್ತು ಫಿನ್ಲೆಂಡ್ ದೇಶಗಳಲ್ಲಿ ನಡೆದು 2017-18ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಭುಜನೋವಿಗೆಂದು ಮೂಳೆಯ ಅಂಚನ್ನು ಹೆರೆಯುವ ಆರ್ಥ್ರೋಸ್ಕೋಪಿಯನ್ನು ಪರೀಕ್ಷೆಗೆ ಒಡ್ಡಿದವು. ಕೊಳವೆಯನ್ನು ಒಳಗೆ ಇಳಿಸಿ ಏನನ್ನೂ ಹೆರೆಯದೆ ಹೊರತೆಗೆದವರಿಗೂ ನಿಜವಾಗಿ ಹೆರೆಸಿಕೊಂಡವರಿಗೂ ಗಣನೀಯವಾದ ಅಂತರ ಕಾಣಲಿಲ್ಲ. ಹರಿದ ರಜ್ಜುವನ್ನು ಹೊಲಿಯುವ ಮಾತು ಇದಲ್ಲ, ಅದು ಬೇರೆ, ಎರಡನ್ನೂ ಬೆರೆಸಬಾರದು. ಆದರೆ ತನ್ನ ಕಸುಬಿನಿಂದ ಆಗದ ಉಪಕಾರವನ್ನು ಆಗಲಿಲ್ಲವೆಂದು ಒಪ್ಪಿಕೊಳ್ಳುವ ಸತ್ಯಶುದ್ಧತೆ ಕಾಯಕಕ್ಕೆ ಅತ್ಯಗತ್ಯವೆಂಬುದನ್ನು ಶರಣಸಾಹಿತ್ಯ ಬಲ್ಲವರಿಗೆ ನಾವು ಹೇಳಬೇಕಾಗಿಲ್ಲ.

ಇನ್ನು ನಮ್ಮ ನಾಡಿನ ನಿದರ್ಶನವೊಂದನ್ನು ನೋಡೋಣ. ಬೆಂಗಳೂರಿನಲ್ಲಿ ಬೆಳೆದ, ಹೆಸರಿನಲ್ಲಿ ಕಾಸರಗೋಡಿನ ಕುಂಬ್ಳೆ ಊರನ್ನು ಉಳಿಸಿಕೊಂಡಿರುವ ಕ್ರಿಕೆಟ್ ಆಟಗಾರ ಅನಿಲ್ ಕುಂಬ್ಳೆ ಅವರನ್ನು ಅರಿಯದವರಿಲ್ಲ. 2002ರ ಮೇ ತಿಂಗಳಿನಲ್ಲಿ ಆಂಟಿಗಾ ದ್ವೀಪದಲ್ಲಿ ನಡೆದ ಟೆಸ್ಟ್ ಪಂದ್ಯದಲ್ಲಿ ಚೆಂಡು ತಗುಲಿ ಅವರ ದವಡೆ ಮುರಿಯಿತು. ಮುಖಕ್ಕೆ ಪಟ್ಟಿ ಸುತ್ತಿಕೊಂಡು ಮೈದಾನಕ್ಕೆ ಇಳಿದು 14 ಓವರುಗಳನ್ನು ಎಸೆದರು, ಬ್ರಯನ್ ಲಾರಾ ಅವರ ವಿಕೆಟ್ಟನ್ನೂ ಪಡೆದರು. ಆ ಚಿತ್ರ ಇಂದಿಗೂ ಪತ್ರಿಕೆಗಳಲ್ಲಿ ಬರುತ್ತದೆ. ಶಾಲೆಯ ಮಕ್ಕಳಿಗೆ ಆದರ್ಶವಾಗಿ ಹೇಳಲಾಗುತ್ತದೆ. ಅದಕ್ಕೆ ಒಂದು ವರ್ಷ ಹಿಂದಿನ ಸಂಗತಿಯನ್ನು ಮಾತ್ರ ಯಾರೂ ಚಿತ್ರ ಹಾಕಿ ಹೇಳುವುದಿಲ್ಲ. 2001ರ ಆರಂಭದಲ್ಲಿ ದಕ್ಷಿಣ ಆಫ್ರಿಕದಲ್ಲಿ ಅವರ ಬಲಭುಜಕ್ಕೆ ಶಸ್ತ್ರಚಿಕಿತ್ಸೆಯಾಯಿತು. ವರ್ಷದ ಬಹುಭಾಗವನ್ನು ಅವರು ಆಟದಿಂದ ಹೊರಗೆ ಕಳೆಯಬೇಕಾಯಿತು. ಆ ಅವಧಿಯಲ್ಲಿಯೇ ಆಸ್ಟ್ರೇಲಿಯ ತಂಡ ಭಾರತಕ್ಕೆ ಬಂದು ಸ್ಮರಣೀಯವಾದ ಸರಣಿ ನಡೆಯಿತು. ಸ್ಪಿನ್ ದಾಳಿಯ ಭಾರವನ್ನು ಹೊತ್ತ ಯುವಕ ಹರಭಜನ್ ಸಿಂಗ್ ಮೂರು ಪಂದ್ಯಗಳಲ್ಲಿ 32 ವಿಕೆಟ್ ಪಡೆದು ದೇಶದ ಕಣ್ಮಣಿಯಾದರು. ಹತ್ತು ವರ್ಷ ತಾನು ಹೊತ್ತ ಹೊಣೆಯನ್ನು ಇನ್ನೊಬ್ಬರು ತನಗಿಂತ ಚೆನ್ನಾಗಿ ಹೊರುತ್ತಿರುವುದನ್ನು ಮನೆಯಲ್ಲಿ ಕುಳಿತು ನೋಡುವುದು ದವಡೆಯ ನೋವಿಗಿಂತ ಕಡಿಮೆಯಾದುದೇ?

ವರ್ಷಾಂತ್ಯಕ್ಕೆ ಅವರು ಮರಳಿದರು. 2003-04ರ ಆಸ್ಟ್ರೇಲಿಯ ಪ್ರವಾಸದಲ್ಲಿ ಮೂರೇ ಪಂದ್ಯಗಳಲ್ಲಿ 24 ವಿಕೆಟ್ ಪಡೆದರು. 2008ರಲ್ಲಿ ನಿವೃತ್ತರಾದಾಗ ಅವರ ಟೆಸ್ಟ್ ವಿಕೆಟ್ಟುಗಳ ಸಂಖ್ಯೆ 619. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭುಜದ ಶಸ್ತ್ರಚಿಕಿತ್ಸೆಯ ಅನಂತರ ಬಂದವು. ಆಂಟಿಗಾದ ಧೈರ್ಯವನ್ನು ಕಿರಿದುಗೊಳಿಸುವ ಉದ್ದೇಶ ನಮಗಿಲ್ಲ. ಆದರೆ ಅದು ಒಂದು ಮಧ್ಯಾಹ್ನದ ಧೈರ್ಯ. ಸಾವಿರಾರು ಕಣ್ಣುಗಳು ಅದಕ್ಕೆ ಸಾಕ್ಷಿಯಾಗಿದ್ದುವು. ಭುಜದ ಚಿಕಿತ್ಸೆ ಪಡೆದವನ ಧೈರ್ಯಕ್ಕೆ ಸಾಕ್ಷಿಗಳಿಲ್ಲ. ಅದು ಕೆಲಸ ಮಾಡುವುದರಿಂದ ತೋರಿಬರುವುದಿಲ್ಲ, ಮಾಡದೆ ಇರುವುದರಿಂದ ನಡೆಯುತ್ತದೆ. ಮಾಡದಿದ್ದುದನ್ನು ಚಿತ್ರ ತೆಗೆಯುವುದು ಹೇಗೆ? ನಮ್ಮ ಸಮಾಜ ಮೊದಲನೆಯದನ್ನು ವೀರವೆಂದೂ ಎರಡನೆಯದನ್ನು ಬಿಡುವೆಂದೂ ಕರೆಯುತ್ತದೆ. ಬೆಲೆ ಕಟ್ಟುವುದರಲ್ಲಿ ಎಡವಿದ್ದೇವೆಂದೇ ನಮ್ಮ ಅಭಿಪ್ರಾಯ.

ಅಂಗಡಿಯ ಹಿರಿಯರ ಇನ್ನೊಂದು ಮಾತು ಉಳಿದಿದೆ: ಕೂತು ಉಣ್ಣುವುದು ಪಾಪವೆನಿಸುತ್ತದೆ ಎಂಬುದು. ದಾಸೋಹವನ್ನು ನಾವು ಕೊಡುವವನ ಕಡೆಯಿಂದ ಮಾತ್ರವೇ ನೋಡುತ್ತ ಬಂದಿದ್ದೇವೆ. ಸ್ವೀಕರಿಸುವವನಿಲ್ಲದೆ ದಾಸೋಹ ಪೂರ್ಣವಾಗುವುದಾದರೂ ಹೇಗೆ? ನಲವತ್ತು ವರ್ಷ ಇನ್ನೊಬ್ಬರಿಗೆ ಬಡಿಸಿದವನಿಗೆ ಆರು ವಾರ ಅಂಗಿಯ ಗುಂಡಿಯನ್ನು ಬೇರೆಯವರು ಹಾಕಬೇಕಾಗಿ ಬಂದಾಗ, ಸ್ನಾನಕ್ಕೆ ನೀರು ಹಾಕಿಸಿಕೊಳ್ಳಬೇಕಾದಾಗ, ರಾತ್ರಿ ಮಲಗಲಾಗದೆ ಆರಾಮಕುರ್ಚಿಯಲ್ಲಿ ಒರಗಿದವನಿಗೆ ದಿಂಬನ್ನು ಸರಿಪಡಿಸಲು ಮಗನೋ ಸೊಸೆಯೋ ಎದ್ದು ಬರಬೇಕಾದಾಗ, ಸಂಕೋಚ ಸಹಜ. ಆ ಸಂಕೋಚದ ಅಡಿಯಲ್ಲಿ ಕೊಡುವವನು ಮೇಲು, ಕೊಳ್ಳುವವನು ಕೀಳು ಎಂಬ ಎಣಿಕೆ ಹುದುಗಿದೆಯೇ ಎಂದು ನೋಡಿಕೊಳ್ಳಬೇಕು. ಹುದುಗಿದ್ದರೆ ಅವನು ಅಷ್ಟು ವರ್ಷ ಮಾಡಿದ ದಾಸೋಹವೂ ಪರಿಶುದ್ಧವಾಗಿರಲಾರದು.

ಇದು ಗಂಡಸರ ಮಾತಾಯಿತು. ಗೃಹಿಣಿಯ ಭುಜಕ್ಕೆ ಚಿಕಿತ್ಸೆಯಾದಾಗ ಏನಾಗುತ್ತದೆ? ರಾಗಿಮುದ್ದೆಯನ್ನು ಕೋಲು ಹಿಡಿದು ತೊಳಸುವಾಗ, ಹಗ್ಗದ ಮೇಲೆ ಒದ್ದೆ ಬಟ್ಟೆಯನ್ನು ಹರವುವಾಗ, ಅಟ್ಟದಿಂದ ಡಬ್ಬಿ ಇಳಿಸುವಾಗ ದುಡಿಯುವುದು ಇದೇ ಕೀಲು. ಕಚೇರಿಯವರಿಗೆ ರಜೆಯುಂಟು, ಅಂಗಡಿಗೆ ಮಗನುಂಟು. ಅಡುಗೆಮನೆಗೆ ರಜೆ ಕೊಡುವವರಾರು? “ಒಂದೇ ಕೈಯಲ್ಲಿ ಹೇಗೋ ಮಾಡ್ಕೋತೀನಿ” ಎಂದು ಎರಡನೆಯ ವಾರದಲ್ಲಿಯೇ ಆಕೆ ಒಲೆಯ ಮುಂದೆ ನಿಲ್ಲುತ್ತಾಳೆ. ಮನೆಯವರು ಅದನ್ನು ಮೆಚ್ಚುಗೆಯಿಂದ ನೋಡುತ್ತಾರೆ. ಈ ಮೆಚ್ಚುಗೆ ಕ್ರೌರ್ಯಕ್ಕೆ ತೀರ ಹತ್ತಿರವಾದುದು. ಮುದ್ದೆ ತೊಳಸಲು ಕಲಿತ ಗಂಡಸರ ಸಂಖ್ಯೆ ಹೆಚ್ಚಾದಾಗ ಶಸ್ತ್ರವೈದ್ಯರ ಹೊಲಿಗೆಗಳೂ ಹೆಚ್ಚು ಕಾಲ ನಿಂತಾವು.

ಪೂಜೆಯ ವಿಚಾರಕ್ಕೆ ಬರೋಣ. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಕಣ್ಣಿನ ನೇರಕ್ಕೆ ಹಿಡಿದು ದೃಷ್ಟಿ ನಿಲ್ಲಿಸುವುದು ರೂಢಿ. ಎಡಭುಜದ ಹೊಲಿಗೆಯಾದವನಿಗೆ ಇದು ಕೆಲವು ವಾರ ಅಸಾಧ್ಯ. ಸ್ಥೂಲ, ಸೂಕ್ಷ್ಮ, ಕಾರಣವೆಂಬ ಮೂರು ತನುಗಳಿಗೆ ಇಷ್ಟ, ಪ್ರಾಣ, ಭಾವಲಿಂಗಗಳು ಸಲ್ಲುವುದರಿಂದ, ಕೈ ಸೋತಾಗ ಭಾವದಲ್ಲಿ ಪೂಜಿಸಿದರೆ ಸಾಕೆಂದು ಹೇಳಿಬಿಡುವುದು ಸುಲಭ. ಅಷ್ಟು ಬೇಗ ಮೇಲಿನ ಮೆಟ್ಟಿಲಿಗೆ ಹಾರಿಬಿಡುವುದನ್ನು ನಾವು ಒಪ್ಪುವುದಿಲ್ಲ. ಕೈ ಪೂರ್ತಿ ಹೋಗಿಲ್ಲ. ಭುಜದ ಮಟ್ಟಕ್ಕೆ ಏಳುವುದಿಲ್ಲ, ಅಷ್ಟೆ. ಅಂದು ಸ್ವಾಮಿಗಳು ಕೊಟ್ಟ ಉತ್ತರ ಶಾಸ್ತ್ರಾರ್ಥಕ್ಕಿಂತ ಉಪಯುಕ್ತವಾಗಿತ್ತು. ವೈದ್ಯರನ್ನು ಒಂದು ಮಾತು ಕೇಳಿ, ಕೈ ಪಟ್ಟಿಯಲ್ಲಿರುವಂತೆಯೇ ಮೊಣಕೈಯ ಕೆಳಗೆ ದಿಂಬನ್ನಿಟ್ಟು, ಅಂಗೈ ಎಲ್ಲಿದೆಯೋ ಅಲ್ಲಿಯೇ ಲಿಂಗವನ್ನಿಟ್ಟು ತಲೆಯನ್ನು ಬಾಗಿಸಿ ನೋಡಿರಿ ಎಂದರು. ಲಿಂಗವನ್ನು ಕಣ್ಣಿನ ಮಟ್ಟಕ್ಕೆ ತರಲಾಗದಿದ್ದರೆ ಕಣ್ಣನ್ನು ಲಿಂಗದ ಮಟ್ಟಕ್ಕೆ ಇಳಿಸುವುದಕ್ಕೆ ಯಾವ ಶಸ್ತ್ರವೈದ್ಯರ ಅಡ್ಡಿಯೂ ಇಲ್ಲ. ಅಂಗೈಯಲ್ಲಿ ಭಾರ ಹಿಡಿಯುವ ಮಾತು ಬಂದಾಗ ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನ ನೆನಪಾಗುತ್ತದೆ. ಮುರಿದ ಅಂಗೈ ಕೂಡಿಕೊಂಡ ಬಳಿಕ ರೋಗಿಯು ಮೊದಲು ಮಣ್ಣಿನ ಉಂಡೆಯನ್ನು, ಆಮೇಲೆ ಉಪ್ಪಿನ ಗಟ್ಟಿಯನ್ನು, ಬಲ ಬಂದ ಮೇಲೆ ಕಲ್ಲನ್ನು ಹಿಡಿಯಬೇಕೆಂದು ಅಲ್ಲಿ ವಿಧಿಸಿದೆ. ಇಂದಿನ ಫಿಸಿಯೋಥೆರಪಿ ಕೊಠಡಿಯಲ್ಲಿ ಬಣ್ಣಬಣ್ಣದ ರಬ್ಬರು ಪಟ್ಟಿಗಳನ್ನು ಒಂದಾದ ಮೇಲೊಂದು ಎಳೆಯಿಸುವ ಕ್ರಮವೂ ತತ್ತ್ವದಲ್ಲಿ ಇದೇ.

ಇಷ್ಟು ಹೇಳಿದ ಮೇಲೆ, ಕಟ್ಟಿದ ಕೈಯನ್ನು ತಿಳಿದು ಕಾಯುವುದೂ ಕಾಯಕವೆಂದು ನಾವು ನಿರ್ಧಾರವಾಗಿ ಹೇಳಬಲ್ಲೆವು. ಆದರೆ ಈ ನಿರ್ಧಾರದ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ. ಅದನ್ನು ಎದುರಿಸದೆ ಲೇಖನಿಯನ್ನು ಕೆಳಗಿಡುವುದು ಸರಿಯಲ್ಲ. ಕಾಯುವ ಕಾಯಕವನ್ನು ಕೈಕೊಳ್ಳಲು ಎಲ್ಲರಿಗೂ ಅನುಕೂಲವಿದೆಯೇ? ಕುಂಬ್ಳೆ ಅವರಿಗೆ ಇತ್ತು. ಮಗನಿರುವ ಅಂಗಡಿಯವರಿಗೂ ಇದೆ. ಯಶವಂತಪುರದ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲನಿಗೆ, ಮನೆಗಳಿಗೆ ಸುಣ್ಣಬಣ್ಣ ಬಳಿಯುವವನಿಗೆ, ಪೀಣ್ಯದ ಸಣ್ಣ ಕಾರ್ಖಾನೆಯಲ್ಲಿ ಯಂತ್ರದ ಹಿಡಿ ಎಳೆಯುವವನಿಗೆ ಭುಜವೇ ಬಂಡವಾಳ. ಭುಜದ ನಾರು ಹರಿಯುವ ಸಂಭವ ಹೆಚ್ಚಿರುವುದೂ ಇಂಥವರಲ್ಲಿಯೇ.

ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ಹೆಸರನ್ನು ಕೇಳದ ಕಾರ್ಮಿಕ ಕುಟುಂಬ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಇರಲಾರದು. 1948ರ ಕಾಯಿದೆಯಿಂದ ಹುಟ್ಟಿದ ಆ ವಿಮಾವ್ಯವಸ್ಥೆಯು ಕಾಯಿಲೆ ಬಿದ್ದ ಕಾರ್ಮಿಕನಿಗೆ ಕೂಲಿಯ ನೂರಕ್ಕೆ 70ರಷ್ಟನ್ನು ವರ್ಷದಲ್ಲಿ 91 ದಿನಗಳವರೆಗೆ ಕೊಡುವ ಏರ್ಪಾಡನ್ನು ರೂಢಿಗೆ ತಂದಿತು. ತೊಂಬತ್ತೊಂದು ದಿನಗಳೆಂದರೆ ಹದಿಮೂರು ವಾರ. ರಜ್ಜುವು ಮೂಳೆಗೆ ಬೆಸೆಯಲು ಬೇಕಾದ ಕಾಲಕ್ಕಿಂತ ಒಂದು ವಾರ ಹೆಚ್ಚು. ಕಾಯಿದೆ ಬರೆದವರು ಭುಜವನ್ನು ಲೆಕ್ಕ ಹಾಕಿ ಬರೆದವರಲ್ಲವಾದರೂ ಈ ಹೊಂದಾಣಿಕೆ ಸಂತೋಷಕರವಾದುದು. ಆದರೆ ಮೂಟೆ ಹೊರಲು ಬೇಕಾದ ಬಲ ಬರುವುದಕ್ಕೆ ಅದರ ಎರಡರಷ್ಟು ಕಾಲ ಹಿಡಿಯುತ್ತದೆ. ಇನ್ನು ಬಣ್ಣ ಬಳಿಯುವವನಂತೆ ದಿನಗೂಲಿಯ ಮೇಲೆ ಮನೆಯಿಂದ ಮನೆಗೆ ಹೋಗುವವನ ಹೆಸರು ಆ ಪಟ್ಟಿಯಲ್ಲಿಯೇ ಇರುವುದಿಲ್ಲ. ಅವನು ನಾಲ್ಕನೆಯ ವಾರದಲ್ಲಿ ಪಟ್ಟಿಯನ್ನು ಬಿಚ್ಚಿ ಏಣಿ ಹತ್ತಿದರೆ ಅದನ್ನು ಅವಿವೇಕವೆನ್ನುವ ಅಧಿಕಾರ ನಮಗಿಲ್ಲ. ಅವನಿಗೆ ಸಂಯಮದ ಉಪದೇಶ ಮಾಡುವುದು ಉಂಡವನು ಹಸಿದವನಿಗೆ ಉಪವಾಸದ ಮಹಿಮೆಯನ್ನು ಹೇಳಿದಂತಾದೀತು.

ಮಠಗಳು ಅನ್ನದಾಸೋಹದಿಂದ ಹೆಸರಾಗಿವೆ. ಬಡಾವಣೆಗಳ ಬಸವಸಮಿತಿಗಳು, ಮಹಿಳಾ ಬಳಗಗಳು ಜಯಂತಿ ಉತ್ಸವಗಳನ್ನು ವಿಜೃಂಭಣೆಯಿಂದ ನಡೆಸುತ್ತಿವೆ. ತಮ್ಮ ಬೀದಿಯಲ್ಲಿ ದುಡಿಯುವ ಇಂತಹ ಒಬ್ಬನಿಗೆ ಶಸ್ತ್ರಚಿಕಿತ್ಸೆಯ ದಿನ ಗೊತ್ತಾದಾಗಲೇ ಅವನ ಮನೆಗೆ ಹದಿಮೂರು ವಾರಗಳ ರಾಗಿ, ಅಕ್ಕಿ, ಬೇಳೆ, ಎಣ್ಣೆಯನ್ನು ಗೊತ್ತುಮಾಡಿಕೊಡುವುದು ಅವರಿಗೆ ಹೊರೆಯಾಗಲಾರದು. ಲೆಕ್ಕ ಹಾಕಿ ನೋಡಿದರೆ ಕಲ್ಯಾಣಮಂಟಪದ ಒಂದು ಪಂಕ್ತಿಯ ಊಟದ ವೆಚ್ಚವನ್ನು ಅದು ಮೀರುವುದಿಲ್ಲ. ಆಸ್ಪತ್ರೆಗೆ ಹೋಗುವ ಮುನ್ನವೇ ಅದು ಅವನ ಮನೆಯನ್ನು ಸೇರಬೇಕು. ನಾಲ್ಕನೆಯ ವಾರ ತಲಪಿದರೆ ಅಷ್ಟರಲ್ಲಿ ಅವನು ಏಣಿಯ ಮೇಲಿರುತ್ತಾನೆ.